ಸಂಪಾದಕರ ಉತ್ತರ: ಪುಸ್ತಕ ಹೊತ್ತವಳು ಯಾರು, ಓದಿದವಳು ಯಾರು?

ಮಾನ್ಯ ಓದುಗರೇ,

ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಬ್ರಿಟನ್ನಿನ ವ್ಯಂಗ್ಯಚಿತ್ರಕಾರ ಐಸಾಕ್ ಕ್ರೂಕ್‌ಶ್ಯಾಂಕ್ ಬರೆದ ಎರವಲು ಗ್ರಂಥಾಲಯದ ಚಿತ್ರವನ್ನು ಕಳೆದ ಸಂಚಿಕೆಯಲ್ಲಿ ಅಚ್ಚು ಹಾಕಿ, ಅದರಡಿ ‘ಒಡತಿಯೂ ಕೆಲಸದ ಹುಡುಗಿಯೂ ಓದಿನಲ್ಲಿ ಸರಿಸಮನಾದ ಕಾಲ’ ಎಂದು ಬರೆದಿದ್ದೆವು. ಕೆಲಸದ ಹುಡುಗಿ ಚಂದಾ ಕಟ್ಟಲು ಹಣವನ್ನು ಎಲ್ಲಿಂದ ತರುತ್ತಿದ್ದಳು ಎಂದು ತಾವು ಕೇಳಿದ್ದೀರಿ. ಪ್ರಶ್ನೆ ನ್ಯಾಯವಾದದ್ದು, ಅಡಿಬರಹ ನಮ್ಮ ತಪ್ಪು.

ಸರ್ಕ್ಯುಲೇಟಿಂಗ್ ಲೈಬ್ರರಿ ಎಂಬ ಹೆಸರು ನಮ್ಮೂರುಗಳಲ್ಲಿ ಕಾದಂಬರಿ ಬಾಡಿಗೆಗೆ ಕೊಡುವ ಅಂಗಡಿಗಳ ಫಲಕದಿಂದ ನಮಗೆ ಪರಿಚಿತ. ಬ್ರಿಟನ್ನಿನಲ್ಲಿಯೂ ಅದು ಅಪ್ಪಟ ವ್ಯಾಪಾರವೇ ಆಗಿತ್ತು. ವರ್ಷದ ಚಂದಾ ಒಂದು ಗಿನಿ, ಅಂದರೆ 21 ಷಿಲಿಂಗ್ (ಪೌಂಡಿಗೆ 20 ಷಿಲಿಂಗ್) ಎಂದಿಟ್ಟುಕೊಂಡರೂ, ವರ್ಷಕ್ಕೆ ಹತ್ತು ಪೌಂಡನ್ನೂ ಕಾಣದ ಮನೆಗೆಲಸದವಳಿಗೆ ಅದು ಒಂದು ತಿಂಗಳ ಸಂಬಳಕ್ಕಿಂತ ಹೆಚ್ಚು. ಒಂದೆರಡು ಪೆನ್ನಿಗೆ ಬಿಡಿ ಸಂಪುಟ ಕೊಡುವ ಸಣ್ಣ ಅಂಗಡಿಗಳೂ ಇದ್ದವೆಂಬುದು ನಿಜ; ಆದರೆ ಚಿತ್ರಗಾರರು ಬರೆದದ್ದು ಅವುಗಳನ್ನಲ್ಲ.

ಹಾಗಾದರೆ ಕೆಲಸದ ಹುಡುಗಿ ಈ ಕಥೆಯೊಳಗೆ ಬಂದದ್ದು ಹೇಗೆ? 1775ರ ಷೆರಿಡನ್ನನ ‘ದಿ ರೈವಲ್ಸ್’ ನಾಟಕದಲ್ಲಿ ಇದಕ್ಕೆ ಉತ್ತರವಿದೆ. ಬಾತ್ ನಗರದ ಗ್ರಂಥಾಲಯದಿಂದ ಕೆಲಸದವಳು ಹೊರಬರುವುದನ್ನು ಸರ್ ಆಂಟನಿ ನೋಡುತ್ತಾನೆ. ಅವಳ ಎರಡು ಕೈಗಳಲ್ಲಿ ಎರಡು ಪುಸ್ತಕ, ಎರಡಕ್ಕೂ ಅಮೃತಶಿಲೆಯಂತೆ ಬಣ್ಣದ ಎಳೆಗಳಿರುವ ಕಾಗದದ ರಟ್ಟು. ಗ್ರಂಥಾಲಯದ ಪುಸ್ತಕ ಹೆಣ್ಣುಮಕ್ಕಳನ್ನು ಕೆಡಿಸುತ್ತದೆಂದು ನಂಬಿದ ಅವನು, ಆ ರಟ್ಟನ್ನು ಕಂಡಕೂಡಲೇ ಲೆಕ್ಕ ಹಾಕುವುದು ಅವಳ ಒಡತಿಯ ನಡತೆಯನ್ನು. ಹೊತ್ತು ತಂದವಳು ಓದಿಯಾಳು ಎಂಬ ಶಂಕೆ ಅವನಿಗೆ ಸುಳಿಯುವುದೂ ಇಲ್ಲ. ನಾವು ಮಾಡಿದ್ದು ಇದರ ತದ್ವಿರುದ್ಧವಾದ ತಪ್ಪು: ಪುಸ್ತಕ ಕೈಯಲ್ಲಿದ್ದ ಮಾತ್ರಕ್ಕೆ ಅವಳನ್ನೇ ಓದುವವಳನ್ನಾಗಿ ಮಾಡಿಬಿಟ್ಟೆವು.

ಚಿತ್ರಗಳ ಚೇಷ್ಟೆಯ ಗುರಿ ಉಳ್ಳವರ ಮನೆಯ ಹೆಣ್ಣುಮಕ್ಕಳು. ಕ್ರೂಕ್‌ಶ್ಯಾಂಕನ ಚಿತ್ರದಲ್ಲಿ ಕಾದಂಬರಿ, ಕಥೆ, ರೋಮಾನ್ಸ್ ಎಂದು ಬರೆದ ಕಪಾಟುಗಳು ಬರಿದಾಗಿವೆ, ಧರ್ಮೋಪದೇಶಗಳ ಕಪಾಟು ಮಾತ್ರ ಅಲುಗದೆ ತುಂಬಿಕೊಂಡಿದೆ. 1802ರಲ್ಲಿ ಜೇಮ್ಸ್ ಗಿಲ್‌ರೇ ಬರೆದ ‘ಟೇಲ್ಸ್ ಆಫ್ ವಂಡರ್’ನಲ್ಲಿ ಮೇಣದಬತ್ತಿಯ ಸುತ್ತ ಕುಳಿತು ಭಯಾನಕ ಕಥೆಗೆ ಬೆಚ್ಚುವವರೂ ಅನುಕೂಲಸ್ಥರೇ. ವರ್ಗದ ಕಳವಳ ಇರಲಿಲ್ಲವೆಂದಲ್ಲ, ಅದರ ಜಾಗ ಬೇರೆ. ಮಾರ್ಗೇಟ್, ಬ್ರೈಟನ್‌ನಂಥ ಕಡಲತೀರದ ಊರುಗಳಲ್ಲಿ ಗ್ರಂಥಾಲಯವೆಂದರೆ ಹರಟೆಯ ತಾಣ, ಆಟಿಕೆ-ಆಭರಣಗಳ ಅಂಗಡಿ, ಊರಿಗೆ ಯಾರು ಬಂದಿದ್ದಾರೆಂದು ಚಂದಾದಾರರ ಪುಸ್ತಕ ತಿರುವಿ ತಿಳಿಯುವ ಸ್ಥಳ. ಆ ಪುಸ್ತಕದಲ್ಲಿ ಪ್ರಭುವಿನ ಹೆಸರಿನ ಕೆಳಗೇ ವರ್ತಕನ ಹೆಸರೂ ಬೀಳಬಹುದಾಗಿತ್ತು. ಕುಲೀನರಿಗೆ ಇರಿಸುಮುರಿಸಾದದ್ದು ತಮ್ಮ ಅಡುಗೆಯವಳು ಓದಿಯಾಳೆಂದಲ್ಲ, ಸಕ್ಕರೆ ವ್ಯಾಪಾರಿಯ ಮಗಳು ತಮ್ಮಂತೆಯೇ ಉಟ್ಟು ಪಕ್ಕದಲ್ಲಿ ನಿಂತಾಳೆಂದು ಎಂಬುದು ನನ್ನ ಅಭಿಪ್ರಾಯ.

‘ಓದುಗರೆಲ್ಲ ಹೆಂಗಸರೇ ಆಗಿದ್ದರೇನು?’ ಎಂಬ ತಮ್ಮ ಎರಡನೆಯ ಪ್ರಶ್ನೆಗೆ ಉತ್ತರ ಚಿಕ್ಕದು: ಇಲ್ಲ. ಇಂಗ್ಲೆಂಡಿನ ಡವೆಂಟ್ರಿ, ರಗ್ಬಿ ಮುಂತಾದ ಊರುಗಳಲ್ಲಿ ಪುಸ್ತಕ ಮಾರಿ, ಎರವಲೂ ಕೊಡುತ್ತಿದ್ದ ಕ್ಲೇ ಕುಟುಂಬದ ಲೆಕ್ಕದ ಕಡತಗಳು ಉಳಿದುಬಂದಿವೆ. ಅವುಗಳಲ್ಲಿ ಕಾದಂಬರಿಯ ಗಿರಾಕಿಗಳಾಗಿ ಗಂಡಸರೇ ಹೆಚ್ಚು ಕಾಣುತ್ತಾರೆ. ವ್ಯಂಗ್ಯಚಿತ್ರವನ್ನು ಜನಗಣತಿಯಂತೆ ಓದಬಾರದೆಂಬುದು ಸಂಪಾದಕನಾದ ನನಗೆ ಮೊದಲೇ ಹೊಳೆಯಬೇಕಿತ್ತು.

ಆ ಚಿತ್ರಗಳೂ ಬಡವರ ಕೈಗೆಟುಕುವಂಥವಲ್ಲ. ಒಂದು ಹಾಳೆಗೆ ಬಣ್ಣವಿಲ್ಲದಿದ್ದರೆ ಸಾಮಾನ್ಯವಾಗಿ ಒಂದು ಷಿಲಿಂಗ್, ಕೈಯಿಂದ ಬಣ್ಣ ತುಂಬಿದ್ದಕ್ಕೆ ಎರಡು. ದುಡ್ಡಿಲ್ಲದವರು ಅಂಗಡಿಯ ಗಾಜಿನ ಕಿಟಕಿಯ ಹೊರಗೆ ಗುಂಪುಗೂಡಿ ನೋಡುತ್ತಿದ್ದರು. ಉಳ್ಳವರಿಗೆ ಇನ್ನೊಂದು ಏರ್ಪಾಡಿತ್ತು: ಲಂಡನ್ನಿನ ಪಿಕಡಿಲಿಯಲ್ಲಿದ್ದ ಫೋರ್ಸ್ ಎಂಬ ಚಿತ್ರ ವ್ಯಾಪಾರಿ ವ್ಯಂಗ್ಯಚಿತ್ರಗಳ ಕಟ್ಟನ್ನು ಸಂಜೆಯ ಮಟ್ಟಿಗೆ ಬಾಡಿಗೆಗೆ ಕೊಡುವುದಾಗಿ ತಾನು ಅಚ್ಚು ಹಾಕಿದ ಚಿತ್ರಗಳ ಮೇಲೆಯೇ ಜಾಹೀರಾತು ನೀಡುತ್ತಿದ್ದ. ಎರವಲು ಕಾದಂಬರಿಯ ಹುಚ್ಚನ್ನು ಹಾಸ್ಯಮಾಡುವ ಹಾಳೆಗಳೂ ಹೀಗೆ ಎರವಲಾಗಿಯೇ ಅದೇ ದಿವಾನಖಾನೆಗಳನ್ನು ಸೇರಬಹುದಾಗಿತ್ತು.

ಮುಂದಿನ ಸಂಚಿಕೆಯಲ್ಲಿ ತಿದ್ದಿದ ಅಡಿಬರಹ ಪ್ರಕಟವಾಗುತ್ತದೆ.

— ಸಂಪಾದಕ