ಸ್ಟೀರಿಂಗ್ ಬದಲಿಸಿದ ಮೇಲೆ ಹಾರ್ನ್ ನಿಂತಿದ್ದರೆ

ಬಾಗಲಕೋಟೆಯಲ್ಲಿ ನಿಮ್ಮ ಹಳೆಯ ಮಾರುತಿ 800ಕ್ಕೆ ಹೊರಗಿನ ಸ್ಟೀರಿಂಗ್ ಹಾಕಿಸಿದಂದಿನಿಂದ ಹಾರ್ನ್ ಆಗುತ್ತಿಲ್ಲ, ಆದರೆ ಫ್ಯೂಸ್ ಸರಿಯಾಗಿದೆ ಎಂದರೆ, ಹಾರ್ನ್ ಬಟನ್‌ಗೆ ಅರ್ಥಿಂಗ್ ಸಿಗುತ್ತಿಲ್ಲ ಎಂಬುದೇ ಹೆಚ್ಚು ಸಂಭವನೀಯ ಕಾರಣ. ಬಹುತೇಕ ಕಾರುಗಳಲ್ಲಿ ಬಟನ್ ಒತ್ತಿದಾಗ ಹಾರ್ನ್ ತಂತಿ ಕಾರಿನ ಲೋಹದ ಮೈಗೆ (ಇದೇ ಅರ್ಥ್) ಕೂಡಿ ಸರ್ಕ್ಯೂಟ್ ಪೂರ್ಣಗೊಳ್ಳುತ್ತದೆ. ಹೊಸ ಸ್ಟೀರಿಂಗ್ ಚಕ್ರವನ್ನು ಕೂರಿಸುವ ಬಾಸ್ ಕಿಟ್‌ನ ಬಣ್ಣ ಆ ಸಂಪರ್ಕವನ್ನು ತಡೆಯಬಲ್ಲದು.

ಮೊದಲು ನಡುವಿನ ಬಟನ್ ಅನ್ನು ಮೆಲ್ಲಗೆ ಎಬ್ಬಿಸಿ ತೆಗೆಯಿರಿ. (ಏರ್‌ಬ್ಯಾಗ್ ಇರುವ ಕಾರಾಗಿದ್ದರೆ ಅದನ್ನು ಮುಟ್ಟಲೇಬೇಡಿ ಎನ್ನುತ್ತಿದ್ದೆ.) ಅದರ ಹಿಂದಿನ ಎರಡು ಪಿನ್‌ಗಳಲ್ಲಿ ಒಂದಕ್ಕೆ ಸ್ಟೀರಿಂಗ್ ಕಾಲಮ್‌ನಿಂದ ಬಂದ ತಂತಿ ಇರುತ್ತದೆ, ಇನ್ನೊಂದು ಅರ್ಥಿನದು, ಅದನ್ನು ಖಾಲಿ ಬಿಟ್ಟಿದ್ದರೆ ದೋಷ ಅಲ್ಲಿಯೇ ಸಿಕ್ಕಂತೆ. ಎರಡೂ ಜೋಡಣೆಯಾಗಿದ್ದರೆ, ಮೊದಲ ತಂತಿಯನ್ನು ಕಳಚಿ ಚಕ್ರದ ನಡುವಿನ ಷಾಫ್ಟ್‌ನ ನಟ್‌ಗೆ ಕ್ಷಣಮಾತ್ರ ಮುಟ್ಟಿಸಿ. ಹಾರ್ನ್ ಆದರೆ, ಬಾಸ್ ಕಿಟ್‌ನ ಸ್ಕ್ರೂ ಕೂರುವ ಜಾಗದಲ್ಲಿ ಹೊಳೆಯುವ ಲೋಹ ಕಾಣುವವರೆಗೆ ಮರಳು ಕಾಗದದಿಂದ ಉಜ್ಜಿ, ಅರ್ಥ್ ತಂತಿಯನ್ನು ಅಲ್ಲಿಯೇ ಬಿಗಿಯಿರಿ.

ನಟ್‌ಗೆ ಮುಟ್ಟಿಸಿದಾಗ ಸದ್ದಿಲ್ಲದೆ, ಡ್ಯಾಶ್‌ಬೋರ್ಡ್ ಕೆಳಗಿನ ಬಣ್ಣವಿಲ್ಲದ ಬೋಲ್ಟ್‌ಗೆ ಮುಟ್ಟಿಸಿದಾಗ ಮಾತ್ರ ಹಾರ್ನ್ ಆದರೆ, ಷಾಫ್ಟ್‌ಗೇ ಅರ್ಥ್ ಇಲ್ಲ. ಎರಡೂ ಕಡೆ ಆಗದಿದ್ದರೆ, ಬಾಸ್ ಕಿಟ್ ಹಿಂದಿನ ತಾಮ್ರದ ಬಳೆಗೆ ಸ್ಪ್ರಿಂಗ್ ಪಿನ್ ತಾಗುತ್ತಿಲ್ಲವೋ ಅಥವಾ ಹಾರ್ನೇ ಕೆಟ್ಟಿದೆಯೋ ಎಂಬುದನ್ನು ಗಾಡಿ ನೋಡದೆ ಹೇಳಲಾಗದು. ಹಾರ್ನ್‌ಗೆ ಬ್ಯಾಟರಿಯಿಂದ ನೇರ ತಂತಿ ಕೊಟ್ಟು ನೋಡಿ. ಅದು ಕೂಗಿದರೆ ಸ್ಟೀರಿಂಗ್ ಚಕ್ರ ಬಿಚ್ಚಿಸಿ, ಬಳೆಯ ಧೂಳು ಒರೆಸಿ, ಪಿನ್ ಅದರ ಮೇಲೆ ಒತ್ತಿ ನಿಲ್ಲುವಂತೆ ಮಾಡಿಸಿ. ಕಬ್ಬಿನ ಹಂಗಾಮಿನಲ್ಲಿ ಮುಧೋಳದ ರಸ್ತೆಗೆ ಇಳಿಯುವ ಮೊದಲೇ ಇದು ಮುಗಿದಿರಲಿ.