ಸೆಕೆಗಾಲ ಬಂತೆಂದರೆ ಜಿರಳೆಯದೇ ಭಯ

ಪ್ರಶ್ನೆ: ನನಗೆ 31 ವರ್ಷ. ಚಿಕ್ಕಂದಿನಿಂದಲೂ ಜಿರಳೆ ಕಂಡರೆ ಆಗುವುದಿಲ್ಲ. ಚಳಿಗಾಲ ಹೇಗೋ ಕಳೆದುಹೋಗುತ್ತದೆ. ಸೆಕೆ ಶುರುವಾಯಿತೆಂದರೆ ಸಂಜೆಯಾಗುತ್ತಲೇ ಕಿಟಕಿಗಳನ್ನೆಲ್ಲ ಮುಚ್ಚಿಬಿಡುತ್ತೇನೆ. ರಾತ್ರಿ ಬಾಯಾರಿದರೂ ಅಡುಗೆಮನೆಗೆ ಕಾಲಿಡುವುದಿಲ್ಲ. ನಾನು ಬಚ್ಚಲಿಗೆ ಹೋಗುವ ಮುಂಚೆ ನಮ್ಮ ಯಜಮಾನರು ಒಳಗೆ ಹೋಗಿ ನೋಡಿ ಬರಬೇಕು. ಈಗ ನಾಲ್ಕು ವರ್ಷದ ಮಗಳೂ ಇರುವೆ ಕಂಡರೆ ಚೀರುತ್ತಾಳೆ. ಮನೆಯವರೆಲ್ಲ ನಗುತ್ತಾರೆ. ಇದಕ್ಕೇನಾದರೂ ಮಾತ್ರೆ ಇದೆಯೇ ಡಾಕ್ಟರೇ?

ಉತ್ತರ: ಮಾತ್ರೆಯ ಮಾತು ಮೊದಲೇ ಮುಗಿಸಿಬಿಡೋಣ. ಈ ಭಯ ಬಿಡಿಸುವ ಮಾತ್ರೆ ಇಲ್ಲ. ಆತಂಕ ತಗ್ಗಿಸುವ ಕೆಲವು ಮಾತ್ರೆಗಳಿವೆ ನಿಜ. ಆದರೆ ಅವನ್ನು ನುಂಗಿ ಜಿರಳೆ ಎದುರಿಸಿದರೆ ಧೈರ್ಯದ ಲೆಕ್ಕ ಮಾತ್ರೆಯ ಖಾತೆಗೆ ಹೋಗುತ್ತದೆ, ನಿಮ್ಮದಕ್ಕಲ್ಲ.

‘ಅಷ್ಟು ಸಣ್ಣ ಹುಳ ಏನು ಮಾಡೀತು’ ಎಂದು ನಗುವವರು ನಿಮಗೆ ಹೊಸದೇನನ್ನೂ ಹೇಳುತ್ತಿಲ್ಲ. ಅದು ಏನೂ ಮಾಡದು ಎಂದು ನಿಮಗೂ ಗೊತ್ತು. ಗೊತ್ತಿದ್ದೂ ಎದೆ ಢವಢವ ಎನ್ನುವುದು, ಅದು ತಿಂಗಳುಗಟ್ಟಲೆ ಉಳಿದು ದಿನದ ಬದುಕಿಗೇ ಅಡ್ಡ ಬರುವುದು, ಇದಕ್ಕೇ ಫೋಬಿಯಾ ಎನ್ನುತ್ತೇವೆ. ಆರು ತಿಂಗಳಿಗೂ ಮೇಲ್ಪಟ್ಟು ಇದ್ದರೆ ಚಿಕಿತ್ಸೆ ಬೇಕಾದ ತೊಂದರೆ ಎಂದೇ ಎಣಿಕೆ. ಗುಣವಾಗುವ ಮಾನಸಿಕ ತೊಂದರೆಗಳ ಸಾಲಿನಲ್ಲಿ ಇದು ಮುಂದಿದೆ.

ಸೆಕೆಗಾಲದಲ್ಲೇ ಯಾಕೆ? ಕೀಟಗಳ ಮೈಬಿಸಿ ಬಹುಮಟ್ಟಿಗೆ ಹೊರಗಿನ ಹವೆಯನ್ನೇ ಅವಲಂಬಿಸಿರುತ್ತದೆ. ಹವೆ ಬೆಚ್ಚಗಾದಷ್ಟೂ ಅವುಗಳ ಓಡಾಟ, ಬೆಳವಣಿಗೆ ಎರಡೂ ಚುರುಕು. ಇನ್ನು ‘ಅದು ನನ್ನ ಕಡೆಗೇ ಓಡಿ ಬಂತು’ ಎಂದು ಹೆದರುವವರೆಲ್ಲ ಹೇಳುತ್ತಾರೆ. ಜಿರಳೆಯ ಹಿಂಭಾಗದಲ್ಲಿ ಎರಡು ಪುಟ್ಟ ಕಡ್ಡಿಗಳಿವೆ. ಅವುಗಳ ಮೇಲಿನ ನವಿರು ಕೂದಲಿಗೆ ನಿಮ್ಮ ಕಾಲು ಎತ್ತಿದಾಗಿನ ಗಾಳಿ ತಾಗಿದರೂ ಸಾಕು, ಅದು ಕ್ಷಣಾರ್ಧದಲ್ಲಿ ಓಟ ಕೀಳುತ್ತದೆ. ಅದಕ್ಕೆ ಬೇಕಿರುವುದು ಕತ್ತಲು, ಸಂದು. ಆ ಸಂದು ನಿಮ್ಮ ಕಾಲಿನ ಆಚೆಗಿದ್ದರೆ ಪಾಪ, ದಾರಿ ನಿಮ್ಮತ್ತಲೇ.

ಈಗ ನಿಜವಾದ ವಿಷಯಕ್ಕೆ ಬರೋಣ. ನಿಮ್ಮ ಪತ್ರದಲ್ಲಿ ನನ್ನ ಕಣ್ಣಿಗೆ ಬಿದ್ದದ್ದು ಜಿರಳೆಯಲ್ಲ, ಬಚ್ಚಲು ನೋಡಿ ಬರುವ ಯಜಮಾನರು. ಅವರು ‘ಏನೂ ಇಲ್ಲ, ಹೋಗು’ ಎಂದಾಗ ನಿಮಗೆ ಹಾಯೆನಿಸುತ್ತದೆ. ಆ ಹಾಯೇ ಭಯಕ್ಕೆ ಮೇವು. ‘ಅವರು ನೋಡಿದ್ದರಿಂದ ಬಚಾವಾದೆ’ ಎಂದು ಮನಸ್ಸು ಬರೆದಿಟ್ಟುಕೊಳ್ಳುತ್ತದೆ. ನೋಡದಿದ್ದರೂ ಏನೂ ಆಗುತ್ತಿರಲಿಲ್ಲ ಎಂಬುದನ್ನು ಕಲಿಯುವ ಅವಕಾಶವೇ ಅದಕ್ಕೆ ಸಿಗುವುದಿಲ್ಲ. ಮುಚ್ಚಿದ ಕಿಟಕಿಯದೂ ಇದೇ ಕಥೆ.

ಹಾಗಾಗಿ ಶುರು ಮಾಡಬೇಕಾದ್ದು ಇಲ್ಲಿಂದ. ಈ ವಾರ ಅವರು ಬಾಗಿಲಲ್ಲಿ ನಿಲ್ಲಲಿ, ನೀವೇ ದೀಪ ಹಾಕಿ ನೋಡಿ. ಮುಂದಿನ ವಾರ ಅವರು ಕೋಣೆಯಲ್ಲೇ ಇರಲಿ. ಜೊತೆಗೇ ಜಿರಳೆಯ ಪರಿಚಯವೂ ನಡೆಯಲಿ: ಮೊದಲು ಚಿತ್ರ, ಆಮೇಲೆ ವಿಡಿಯೊ, ಆಮೇಲೆ ಮುಚ್ಚಳ ಬಿಗಿದ ಗಾಜಿನ ಬಾಟಲಿಯಲ್ಲಿ ಸತ್ತದ್ದು, ಕೊನೆಗೆ ಜೀವಂತ. ಬಾಟಲಿ ಮೊದಲು ಕೋಣೆಯ ಆ ಮೂಲೆಯಲ್ಲಿರಲಿ, ನಂತರ ಮೇಜಿನ ಮೇಲೆ, ನಂತರ ಕೈಯಲ್ಲಿ. ಪ್ರತಿ ಹಂತದಲ್ಲೂ ಎದೆಬಡಿತ ಏರುತ್ತದೆ. ಏರಲಿ. ತಾನಾಗಿ ಇಳಿಯುವವರೆಗೆ ಅಲ್ಲೇ ಕೂರಿ; ಏರಿದಾಗಲೇ ಎದ್ದು ಓಡಿದರೆ ಭಯಕ್ಕೇ ಗೆಲುವು. ಕಣ್ಣು ಮುಚ್ಚಿ ಕುಳಿತರೂ ಓಡಿದ ಹಾಗೆಯೇ. ಮೀಸೆ ಹೇಗೆ ಆಡಿಸುತ್ತದೆ, ಕಾಲಿನ ಮುಳ್ಳುಗಳೆಷ್ಟು ಎಂದು ನೋಡಿ. ಭಯ ಇಳಿದ ಮೇಲೂ ಹೇಸಿಗೆ ಸ್ವಲ್ಪ ಕಾಲ ಉಳಿಯುತ್ತದೆ, ಅದು ನಿಧಾನದ ಗಿರಾಕಿ. ಹೇಸಿಗೆಯಾದರೂ ಅಡುಗೆಮನೆಗೆ ಹೋಗಿ ನೀರು ಕುಡಿದು ಬರಬಹುದಲ್ಲ, ಅಷ್ಟು ಸಾಕು.

ಒಬ್ಬರೇ ಮಾಡಲಾಗದಿದ್ದರೆ ಕ್ಲಿನಿಕಲ್ ಸೈಕಾಲಜಿಸ್ಟ್ ಒಬ್ಬರನ್ನು ಕಾಣಿ. ಸ್ವೀಡನ್ನಿನ ಮನಶ್ಶಾಸ್ತ್ರಜ್ಞ ಲಾರ್ಸ್ ಯೋರಾನ್ ಓಸ್ಟ್ ಇಂಥ ಭಯಗಳಿಗೆ ಗರಿಷ್ಠ ಮೂರು ಗಂಟೆಯ ಒಂದೇ ಬೈಠಕ್ಕಿನ ಚಿಕಿತ್ಸೆ ರೂಪಿಸಿ 1989ರಲ್ಲೇ ಪ್ರಕಟಿಸಿದ್ದಾರೆ. ವರ್ಷಗಟ್ಟಲೆ ಎಳೆಯುವ ಕೆಲಸವೇನಲ್ಲ.

ಸ್ಪ್ರೇ ಡಬ್ಬಿ ದಿನಾ ಹೊಡೆಯಬೇಡಿ, ಮುಚ್ಚಿದ ಕೋಣೆಯಲ್ಲಂತೂ ಬೇಡವೇ ಬೇಡ. ಸೋರುವ ನಲ್ಲಿ ರಿಪೇರಿ ಮಾಡಿಸಿ, ರಾತ್ರಿ ಸಿಂಕ್ ಒರೆಸಿಡಿ. ಜಿರಳೆ ಅನ್ನವಿಲ್ಲದೆ ಬಹಳ ದಿನ ಬದುಕೀತು, ನೀರಿಲ್ಲದೆ ಕಷ್ಟ. ಕಿಟಕಿಗೆ ಜಾಲರಿ ಹಾಕಿಸಿ, ಗಾಳಿ ಬರಲಿ.

ಮಗಳು ಇರುವೆಯನ್ನು ನೋಡುವ ಮೊದಲು ನಿಮ್ಮ ಮುಖ ನೋಡುತ್ತಾಳೆ. ಹೆದರಿಕೆ ಮುಚ್ಚಿಡುವುದು ಬೇಕಿಲ್ಲ. ‘ಅಮ್ಮನಿಗೂ ಸ್ವಲ್ಪ ಹೆದರಿಕೆ, ಆದರೂ ಅದು ಎಲ್ಲಿಗೆ ಹೋಗುತ್ತೆ ನೋಡೋಣ ಬಾ’ ಎನ್ನಿ.

ಪ್ರಶ್ನೆ: ನಮ್ಮ ತಂದೆಗೆ 68. ಮೈಮೇಲೆ ಹುಳ ಹರಿಯುತ್ತಿದೆ ಎಂದು ಕೆರೆದುಕೊಳ್ಳುತ್ತಾರೆ. ನಮಗೆ ಏನೂ ಕಾಣುವುದಿಲ್ಲ. ಇದೂ ಹುಳದ ಭಯವೇ?

ಉತ್ತರ: ಅಲ್ಲ. ಇಲ್ಲದ ಹುಳ ಮೈಮೇಲಿದೆ ಎನಿಸುವುದು ಬೇರೆಯೇ ತೊಂದರೆ. ಚರ್ಮದ ಕಾಯಿಲೆ, ನರದ ತೊಂದರೆ, ತೆಗೆದುಕೊಳ್ಳುತ್ತಿರುವ ಔಷಧ, ಏನೂ ಕಾರಣವಿರಬಹುದು. ‘ಹುಳ ಇಲ್ಲ’ ಎಂದು ವಾದಕ್ಕೆ ಇಳಿಯಬೇಡಿ. ಅವರ ಮಾತ್ರೆಗಳನ್ನೆಲ್ಲ ಒಂದು ಚೀಲಕ್ಕೆ ಹಾಕಿಕೊಂಡು ಮೊದಲು ಫಿಜಿಷಿಯನ್ ಬಳಿ ಕರೆದೊಯ್ಯಿರಿ. ಮನೋವೈದ್ಯರ ಅಗತ್ಯವಿದೆಯೇ ಎಂದು ಅವರೇ ತಿಳಿಸುತ್ತಾರೆ.