ರಾತ್ರಿ ಕೇಳುವ ಆ ಸ್ಟೇಷನ್ ಯಾವ ದೇಶದ್ದು?

ಪ್ರಶ್ನೆ: ನಮ್ಮದು ಜಮಖಂಡಿ ಹತ್ತಿರದ ಹಳ್ಳಿ. ರಾತ್ರಿ ಹತ್ತರ ಮೇಲೆ ಮೀಡಿಯಂ ವೇವ್ ತಿರುಗಿಸಿದರೆ ಅರಬ್ಬಿಯಂಥ ಭಾಷೆ ಕೇಳುತ್ತೆ. ಹಗಲು ಅದೇ ಜಾಗದಲ್ಲಿ ಬರೀ ಸದ್ದು. ಭಾಷೆ ಬಾರದೆ ಇದು ಯಾವ ದೇಶದ್ದು ಅಂತ ಗುರುತಿಸೋದು ಹೇಗೆ?

ಉತ್ತರ: ಪಕ್ಕದಲ್ಲಿ ಸರಿಯಾದ ಟೈಮ್ ತೋರಿಸುವ ಗಡಿಯಾರ ಇಟ್ಟುಕೊಳ್ಳಿ, ಅರ್ಧ ಕೆಲಸ ಮುಗೀತು. ಹಗಲು ಆಕಾಶದ ಡಿ ಪದರ ಈ ಅಲೆಗಳನ್ನು ನುಂಗುತ್ತೆ. ಕತ್ತಲಾದ ಮೇಲೆ ಆ ಪದರ ಕರಗುತ್ತೆ, ಆಗ ದೂರದ್ದು ಬರುತ್ತೆ.

ಹೆಚ್ಚಿನ ಸ್ಟೇಷನ್‌ಗಳು ತಮ್ಮ ಊರಿನ ಗಂಟೆ ಸರಿಯಾಗಿ ಆದಾಗ ಪಿಪ್ ಪಿಪ್ ಅನ್ನಿಸಿ, ಹೆಸರು ಹೇಳಿ ಸುದ್ದಿಗೆ ಹೋಗುತ್ತವೆ. ನಾವು ಗ್ರೀನ್‌ವಿಚ್‌ಗಿಂತ ಐದೂವರೆ ಗಂಟೆ ಮುಂದಿದ್ದೇವೆ ಅಲ್ವಾ, ಅದಕ್ಕೇ ಸೌದಿ, ಕುವೈತ್, ಪಾಕಿಸ್ತಾನದ ಪಿಪ್ ನಮಗೆ 9:30, 10:30ಕ್ಕೆ ಕೇಳುತ್ತೆ. ಇರಾನ್ ಮೂರೂವರೆ ಗಂಟೆ ಮುಂದೆ, ಅದರ ಪಿಪ್ ನಮ್ಮ ಹತ್ತಕ್ಕೆ, ಹನ್ನೊಂದಕ್ಕೆ. ನೇಪಾಳದ್ದು ಮುಕ್ಕಾಲಿಗೆ. ಶ್ರೀಲಂಕಾ ಮಾತ್ರ ನಮ್ಮದೇ ಟೈಮ್. ಹೆಸರು ಹೇಳುವಾಗ ‘ಇಧಾಅತ್’ ಅಂದರೆ ಅರಬ್ಬಿ, ‘ಸೆದಾ’ ಅಂದರೆ ಫಾರ್ಸಿ. ಅದರ ಹಿಂದೆಮುಂದೆ ಊರಿನ ಹೆಸರು ಬರುತ್ತೆ, ಅದನ್ನು ಹಿಡಿಯಿರಿ. ಆದರೆ ಅರಬ್ಬಿ ಕೇಳಿದ ತಕ್ಷಣ ಅರಬ್ ದೇಶ ಅಂದುಕೊಳ್ಳಬೇಡಿ, ಇರಾನ್ ಕೂಡ ಅರಬ್ಬಿಯಲ್ಲಿ ಪ್ರಸಾರ ಮಾಡುತ್ತೆ.

ಎರಡು ಸ್ಟೇಷನ್ ಒಂದರ ಮೇಲೊಂದು ಬಂದರೆ ರೇಡಿಯೋವನ್ನೇ ನಿಧಾನ ತಿರುಗಿಸಿ. ಒಳಗೆ ಆಂಟೆನಾ ಆಗಿರುವ ಫೆರೈಟ್ ಅನ್ನೋ ಕಪ್ಪು ಕಡ್ಡಿಯ ತುದಿ ಯಾವ ಸ್ಟೇಷನ್ ಕಡೆ ನೋಡುತ್ತೋ ಆ ದನಿ ಕುಗ್ಗುತ್ತೆ, ಅಡಿಯಲ್ಲಿದ್ದದ್ದು ಮೇಲೆ ಬರುತ್ತೆ. ಇದನ್ನು ಒಮ್ಮೆ ಮಾಡಿ ನೋಡಲೇಬೇಕು, ಅಷ್ಟು ಚೆಂದ! ಜಮಖಂಡಿಯಿಂದ ಕೊಲ್ಲಿ ದೇಶಗಳು ವಾಯವ್ಯಕ್ಕೆ, ಶ್ರೀಲಂಕಾ ದಕ್ಷಿಣಕ್ಕೆ ಸ್ವಲ್ಪ ಪೂರ್ವ.

ನಮ್ಮ ಕಡೆ ಸ್ಟೇಷನ್‌ಗಳ ಜಾಗ 9 ಕಿಲೋಹರ್ಟ್ಜ್‌ಗೆ ಒಂದರಂತೆ ಇರುತ್ತೆ. ಡಿಜಿಟಲ್ ಸೆಟ್ ಇದ್ದರೆ 9 ಕಿಲೋಹರ್ಟ್ಜ್ ಸ್ಟೆಪ್ ಇಡಿ, 10 ಅಮೆರಿಕದ ಕಡೆಯ ಲೆಕ್ಕ. ಮುಳ್ಳಿನ ಸೆಟ್ ಆದರೆ ಧಾರವಾಡ ಆಕಾಶವಾಣಿಯ 765 ಕಿಲೋಹರ್ಟ್ಜ್ ಗುರುತಿಟ್ಟುಕೊಂಡು ಅಲ್ಲಿಂದ ಎಣಿಸಿ.

ಪ್ರಶ್ನೆ: ಗುರ್ ಅನ್ನೋ ಸದ್ದು ಜಾಸ್ತಿ. ದುಬಾರಿ ರೇಡಿಯೋ ತಗೊಳ್ಳಲಾ?

ಉತ್ತರ: ಸುಮ್ನೆ ದುಡ್ಡು ಹಾಕಬೇಡಿ. ಮೊದಲು ಮನೆಯ ಎಲ್‌ಇಡಿ ಬಲ್ಬು, ಮೊಬೈಲ್ ಚಾರ್ಜರ್ ಒಂದೊಂದೇ ತೆಗೆದು ನೋಡಿ. ಇಲ್ಲಾ ಸೆಲ್ ಹಾಕಿಕೊಂಡು ಹೊಲಕ್ಕೆ ಹೋಗಿ, ಕರೆಂಟ್ ಹೋದ ರಾತ್ರಿಯಾದರೆ ಇನ್ನೂ ಒಳ್ಳೆಯದು. ಕೇಳಿದ್ದನ್ನು ಬರೆದಿಡಿ: ಎಷ್ಟು ಕಿಲೋಹರ್ಟ್ಜ್, ಏನು ಕೇಳಿತು, ಗ್ರೀನ್‌ವಿಚ್ ಟೈಮ್ ಎಷ್ಟು. ನಮ್ಮ ರಾತ್ರಿ 10:30 ಅಂದರೆ ಅಲ್ಲಿ 17:00. ಆ ವರದಿ ಸ್ಟೇಷನ್‌ಗೆ ಕಳಿಸಿದರೆ ಕೆಲವರು ಕ್ಯೂಎಸ್‌ಎಲ್ ಕಾರ್ಡ್, ಅಂದರೆ ನೀವು ಕೇಳಿದ್ದು ತಮ್ಮದೇ ಸ್ಟೇಷನ್ ಅಂತ ಒಪ್ಪುವ ಕಾರ್ಡ್, ಕಳಿಸುತ್ತಾರೆ.